ವಾರ್ನಿಂಗ್ ಯಾರ ಕಣ್ಣಿಗೆ ಬೀಳಬೇಕು?

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಕಂಪೈಲರ್ ಮತ್ತು ಬಿಲ್ಡ್ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಕಂಪೈಲರ್ ಅಂದರೆ ನಾವು ಬರೆದ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಮ್, ಎಲ್ಲ ಫೈಲ್‌ಗಳನ್ನೂ ಹಾಗೆ ಕಂಪೈಲ್ ಮಾಡಿ ಜೋಡಿಸುವುದು ಬಿಲ್ಡ್, ಕೆಲಸ ನಿಲ್ಲಿಸದೆ ಇಲ್ಲಿ ಏನೋ ಅನುಮಾನ ಇದೆ ಅಂತ ಕಂಪೈಲರ್ ಹೇಳುವುದು ವಾರ್ನಿಂಗ್. ಎಳೆದಾಡಿದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ. ಕಮಾಂಡ್ ಆಯ್ಕೆಗಳನ್ನು ನಾವು ಬಾಯಲ್ಲಿ ಹೇಳುವಂತೆಯೇ ಬರೆದಿದ್ದೇನೆ. 'ಡಬ್ಲ್ಯು-ಆಲ್' ಅಂತ ಕಂಡರೆ, ಟರ್ಮಿನಲ್‌ನಲ್ಲಿ ಮುಂದೊಂದು ಅಡ್ಡಗೆರೆ ಹಾಕಿ ಸೇರಿಸಿ ಟೈಪ್ ಮಾಡುವ ಆಯ್ಕೆ ಅದು ಅಂತ ತಿಳಿಯಿರಿ.

ನೇರವಾಗಿ ಕೋಡ್‌ಗೇ ಬರೋಣ. ಅಡಿಕೆ ಮಂಡಿಗೆ ಒಂದು ಸಣ್ಣ ಬಿಲ್ಲಿಂಗ್ ಪ್ರೋಗ್ರಾಮ್ ಬರೆಯುತ್ತಿದ್ದೀರಿ ಅಂತ ಇಟ್ಟುಕೊಳ್ಳಿ, ಸಿ ಭಾಷೆಯಲ್ಲಿ. ನಮ್ಮ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬಗೆಗಳಿವೆ, ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ದಿನಾ ಇದೇ ಮಾತು. ಬಗೆ ನೋಡಿ ದರ ಆರಿಸಲು ಒಂದು ಸ್ವಿಚ್ ಬರೆಯುತ್ತೀರಿ. ನಾಲ್ಕು ಕೇಸ್. ರಾಶಿಯ ಕೇಸ್‌ನಲ್ಲಿ ದರ ಹಾಕಿ, ಆಮೇಲೆ 'ಬ್ರೇಕ್' ಬರೆಯುವುದು ಮರೆತುಹೋಯಿತು. ಏನಾಗುತ್ತದೆ? ಪ್ರೋಗ್ರಾಮ್ ಅಲ್ಲಿ ನಿಲ್ಲುವುದಿಲ್ಲ, ಕೆಳಗಿನ ಗೊರಬಲಿನ ಕೇಸ್‌ಗೆ ಜಾರುತ್ತದೆ, ಈಗಷ್ಟೇ ಹಾಕಿದ ರಾಶಿಯ ದರದ ಮೇಲೆ ಗೊರಬಲಿನ ದರ ಕೂರುತ್ತದೆ. ತೀರ್ಥಹಳ್ಳಿಯಿಂದ ಒಳ್ಳೆಯ ರಾಶಿ ಅಡಿಕೆ ತಂದವರಿಗೆ ಗೊರಬಲಿನ ದರದಲ್ಲಿ ಬಿಲ್. ಇವೆರಡರ ದರಕ್ಕೆ ಎಷ್ಟು ಅಂತರ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಸರಿ, ಇದನ್ನು ಜಿಸಿಸಿ ಅನ್ನುವ ಕಂಪೈಲರ್‌ನಲ್ಲಿ ಕಂಪೈಲ್ ಮಾಡಿ. ಒಂದು ಮಾತೂ ಆಡುವುದಿಲ್ಲ. ಈಗ ವಾರ್ನಿಂಗ್‌ಗಳ ಒಂದು ಗುಂಪನ್ನೇ ಹಚ್ಚುವ ಡಬ್ಲ್ಯು-ಆಲ್ ಹಾಕಿ ಮಾಡಿ. ಆಗಲೂ ಸುಮ್ನೆ ಇರುತ್ತದೆ. ಡಬ್ಲ್ಯು-ಎಕ್ಸ್‌ಟ್ರಾ ಸೇರಿಸಿ. ಆಗ ಬಾಯಿ ಬಿಡುತ್ತದೆ: ಇಂಥ ಸಾಲಿನಿಂದ ಕೆಳಗಿನ ಕೇಸ್‌ಗೆ ಇಳಿಯುತ್ತಿದ್ದೀರಿ, ಇದು ಬೇಕಂತಲೇ ಮಾಡಿದ್ದಾ? ಈ ವಾರ್ನಿಂಗ್ ಬಂದದ್ದು ಜಿಸಿಸಿ 7ರಲ್ಲಿ, 2017ರಲ್ಲಿ. ಅದನ್ನು ಎಕ್ಸ್‌ಟ್ರಾ ಗುಂಪಿನಲ್ಲಿ ಇಟ್ಟರು, ಆಲ್ ಗುಂಪಿನಲ್ಲಿ ಅಲ್ಲ. ಅದೇ ಕೋಡನ್ನು ಕ್ಲ್ಯಾಂಗ್‌ಗೆ ಕೊಟ್ಟರೆ ಎಕ್ಸ್‌ಟ್ರಾ ಹಾಕಿದರೂ ಹೇಳುವುದಿಲ್ಲ, ಅಲ್ಲಿ ಆ ವಾರ್ನಿಂಗನ್ನು ಹೆಸರು ಹಿಡಿದು ಕೇಳಬೇಕು. ಒಂದೇ ಕೋಡ್, ಒಂದೇ ತಪ್ಪು, ಎರಡು ಕಂಪೈಲರ್, ಮೂರು ಥರದ ಉತ್ತರ.

ಡಬ್ಲ್ಯು-ಆಲ್ ಹಾಕಿದೀನಿ, ಇನ್ನೇನು ಬೇಕು ಅನ್ನುವವರು ಜಾಸ್ತಿ. ಅದು ಹಳೆಯ ಆಯ್ಕೆ. ಅದರೊಳಗೆ ಹೊಸದಾಗಿ ಏನಾದರೂ ಸೇರಿಸಿದರೆ ಜಗತ್ತಿನ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಒಂದೇ ದಿನ ಗಲಾಟೆ ಏಳುತ್ತದೆ, ಹಾಗಾಗಿ ಜಿಸಿಸಿಯವರು ಅದಕ್ಕೆ ಸೇರಿಸುವಾಗ ಕೈ ಬಿಗಿ ಹಿಡಿಯುತ್ತಾರೆ. ನಿಜವಾಗಿಯೂ ಎಲ್ಲವನ್ನೂ ಹಚ್ಚುವ ಆಯ್ಕೆ ಕ್ಲ್ಯಾಂಗ್‌ನಲ್ಲಿದೆ, ಡಬ್ಲ್ಯು-ಎವ್ರಿಥಿಂಗ್ ಅಂತ. ಒಮ್ಮೆ ಹಾಕಿ ನೋಡಿ, ತಮಾಷೆಗೆ. ಒಂದು ವಾರ್ನಿಂಗ್ ಹೀಗೆ ಮಾಡು ಅಂದರೆ ಇನ್ನೊಂದು ಹಾಗೆ ಮಾಡಬೇಡ ಅನ್ನುತ್ತದೆ. ದಿನಬಳಕೆಗೆ ಅದು ಅಲ್ಲ.

ಹಾಗಾದರೆ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು? ನಾನು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತೇನೆ. ಒಂದು ವಾರ್ನಿಂಗ್‌ಗೆ ಬೆಲೆ ಬರುವುದು, ಅದನ್ನು ಸರಿಮಾಡಲು ಆಗುವವರ ಕಣ್ಣಿಗೆ, ಸರಿಮಾಡಲು ಆಗುವ ಹೊತ್ತಿನಲ್ಲಿ ಬಿದ್ದರೆ ಮಾತ್ರ. ಉಳಿದ ಎಲ್ಲರಿಗೂ, ಉಳಿದ ಎಲ್ಲ ಹೊತ್ತಿನಲ್ಲೂ ಅದು ಬರೀ ಗಲಾಟೆ. ಬಿಲ್ಡ್ ಹೇಗೆ ನಡೆಯಬೇಕು ಅಂತ ಬರೆದಿಡುವ ಬಿಲ್ಡ್ ಫೈಲ್ ಅನ್ನುವುದು ಇರುವುದೇ ಈ ಕೆಲಸಕ್ಕೆ ಅಂತ ನನ್ನ ವಾದ: ಯಾವ ಮಾತು ಯಾರಿಗೆ ಯಾವಾಗ ಕೇಳಿಸಬೇಕು ಅನ್ನುವುದನ್ನು ಅಲ್ಲಿ ಬರೆದಿಡಬೇಕು. ನಮ್ಮಲ್ಲಿ ಬಹಳ ಜನ ಅದನ್ನು ಬೇರೆ ಪ್ರಾಜೆಕ್ಟ್‌ನಿಂದ ನಕಲು ಹೊಡೆದು, ಬಿಲ್ಡ್ ಆಯ್ತು ಅಂದರೆ ಮತ್ತೆ ತೆರೆದೇ ನೋಡುವುದಿಲ್ಲ.

ಮಳೆಯ ಲೆಕ್ಕ ತಗೊಳ್ಳಿ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಮಳೆಮಾಪಕ ಮಾಡುವುದು ನಮ್ಮ ಕಡೆ ಸಾಮಾನ್ಯ ಅಲ್ವಾ? ಒಳಗೆ ಪುಟ್ಟ ತೂಗುಬಟ್ಟಲು ಇರುತ್ತದೆ. 0.2 ಮಿಲಿಮೀಟರ್ ಮಳೆ ತುಂಬಿದಾಗ ಬಟ್ಟಲು ವಾಲಿ ನೀರು ಚೆಲ್ಲುತ್ತದೆ, ಒಂದು ಸ್ವಿಚ್ ಮುಟ್ಟಿ ಬಿಡುತ್ತದೆ, ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅದನ್ನು ಎಣಿಸುತ್ತದೆ. ದಿನದ ಎಣಿಕೆಯನ್ನು ಮೊದಲು ಇಂಟ್‌ನಲ್ಲಿ, ಅಂದರೆ ದೊಡ್ಡ ಸಂಖ್ಯೆ ಹಿಡಿಯುವ ಜಾಗದಲ್ಲಿ ಇಟ್ಟಿರುತ್ತೀರಿ, ಆಮೇಲೆ ರೇಡಿಯೊದಲ್ಲಿ ಕಳಿಸುವಾಗ ಜಾಗ ಉಳಿಯಲಿ ಅಂತ ಒಂದು ಬೈಟ್‌ಗೆ ಹಾಕುತ್ತೀರಿ. ಒಂದು ಬೈಟ್‌ನಲ್ಲಿ 255ರವರೆಗೆ ಹಿಡಿಯುತ್ತದೆ. 255 ಸಲ ವಾಲಿದರೆ 51 ಮಿಲಿಮೀಟರ್. ಅದರ ಮುಂದಿನ ಸಲಕ್ಕೆ ಎಣಿಕೆ ಸೊನ್ನೆ. ಇದೇ ಮಾಪಕವನ್ನು ಚಳ್ಳಕೆರೆ ಕಡೆ ಇಟ್ಟು ಪರೀಕ್ಷೆ ಮಾಡಿದರೆ ಎಷ್ಟೋ ತಿಂಗಳು ತಪ್ಪು ಕಾಣುವುದೇ ಇಲ್ಲ, ಒಂದೇ ದಿನ 51 ಮಿಲಿಮೀಟರ್ ಅಲ್ಲಿ ಅಪರೂಪ. ಆಗುಂಬೆಗೆ ತಂದಿಡಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಊರು. ಜುಲೈನ ಒಂದು ಬೆಳಿಗ್ಗೆ ಸಾಕು, ಧೋ ಅಂತ ಸುರಿಯುತ್ತಿರುವಾಗಲೇ ನಿಮ್ಮ ಗ್ರಾಫ್ ಮಳೆಯೇ ಇಲ್ಲ ಅನ್ನುತ್ತದೆ.

ಇಂಟ್‌ನಿಂದ ಬೈಟ್‌ಗೆ ಹಾಕುವಾಗ ಬೆಲೆ ಬದಲಾಗಬಹುದು ಅಂತ ಹೇಳುವ ವಾರ್ನಿಂಗ್ ಇದೆ, ಡಬ್ಲ್ಯು-ಕನ್ವರ್ಷನ್ ಅಂತ. ಅದು ಆಲ್‌ನಲ್ಲೂ ಇಲ್ಲ, ಎಕ್ಸ್‌ಟ್ರಾದಲ್ಲೂ ಇಲ್ಲ. ಇನ್ನೂ ಒಂದು ವಿಷಯ ಕೇಳಿ. ಆ ಬೋರ್ಡಿಗೆ ಕೋಡ್ ಬರೆಯುವ ಆರ್ಡುಯಿನೊ ಐಡಿಇ ಇನ್‌ಸ್ಟಾಲ್ ಮಾಡಿದಾಗ ಕಂಪೈಲರ್ ವಾರ್ನಿಂಗ್ಸ್ ಅನ್ನುವ ಕಡೆ 'ನನ್', ಅಂದರೆ ಯಾವುದೂ ಬೇಡ, ಅಂತ ಇರುತ್ತದೆ. ಹಾಗಿದ್ದರೆ ಅದು ಕಂಪೈಲರ್‌ಗೆ ಸಣ್ಣ ಡಬ್ಲ್ಯು ಕಳಿಸುತ್ತದೆ. ಅಂದರೆ ಯಾವ ವಾರ್ನಿಂಗನ್ನೂ ತೋರಿಸಬೇಡ, ತಾನಾಗಿ ಬರುವುದನ್ನೂ ಸೇರಿಸಿ. ಇದು ಪೂರಾ ತಪ್ಪು ಅಂತ ನಾನು ಹೇಳುವುದಿಲ್ಲ. ಮೊದಲ ದಿನ ಎಲ್‌ಇಡಿ ಮಿನುಗಿಸುವ ಹೈಸ್ಕೂಲ್ ಹುಡುಗನಿಗೆ, ಯಾರೋ ಬರೆದ ಲೈಬ್ರರಿಯಲ್ಲಿನ ವಾರ್ನಿಂಗ್‌ಗಳನ್ನು ತೋರಿಸಿದರೆ ಅವನು ಹೆದರಿ ಬೋರ್ಡನ್ನೇ ಎತ್ತಿಡುತ್ತಾನೆ. ಆದರೆ ಆಗುಂಬೆಯಲ್ಲಿ ಮಾಪಕ ಇಡಲು ಹೊರಟವರು ಪ್ರಿಫರೆನ್ಸಸ್‌ಗೆ ಹೋಗಿ ಅದನ್ನು 'ಆಲ್' ಮಾಡಲೇಬೇಕು. ಇವತ್ತು ಮನೆಗೆ ಹೋದವರು ಮಾಡಿ. ಹಾಗೆ ಮಾಡಿದರೂ ಕನ್ವರ್ಷನ್ ಬರುವುದಿಲ್ಲ ಅನ್ನುವುದು ನೆನಪಿರಲಿ, ಅಲ್ಲಿನ ಆಲ್‌ನಲ್ಲಿ ಇರುವುದು ಡಬ್ಲ್ಯು-ಆಲ್ ಮತ್ತು ಡಬ್ಲ್ಯು-ಎಕ್ಸ್‌ಟ್ರಾ ಅಷ್ಟೇ.

ಅಂದಹಾಗೆ ಇದೇ ಜಾತಿಯ ತಪ್ಪಿಗೆ ಒಂದು ರಾಕೆಟ್ ಹೋಗಿದೆ. 1996ರ ಜೂನ್ 4ರಂದು ಹಾರಿದ ಮೊದಲ ಏರಿಯಾನ್ 5. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಹಾಕಲು ಹೋಗಿ, ಹಿಡಿಯದೆ, ಹಾರಿದ ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಆ ಕೋಡ್ ಏರಿಯಾನ್ 4ರಿಂದ ಬಂದದ್ದು. ಹಳೆಯ ರಾಕೆಟ್‌ನ ಅಡ್ಡ ವೇಗ ಕಡಿಮೆ ಇತ್ತು, ಹಾಗಾಗಿ ಅಲ್ಲಿ ಎಂದೂ ತೊಂದರೆ ಆಗಿರಲಿಲ್ಲ. ಅದು ಏಡಾ ಭಾಷೆ. ಆ ವೇರಿಯಬಲ್‌ಗೆ ಕಾವಲು ಬೇಡ ಅಂತ ತಿಳಿದೇ ಬಿಟ್ಟಿದ್ದರು, ಕಂಪೈಲರ್ ಸುಮ್ಮನಿದ್ದದ್ದಕ್ಕೆ ಆದ ಅನಾಹುತ ಅಲ್ಲ. ಆದರೂ ಚಳ್ಳಕೆರೆಯಲ್ಲಿ ಸರಿಯಿದ್ದದ್ದು ಆಗುಂಬೆಯಲ್ಲಿ ಕೈಕೊಡುವುದು ಅಂದರೆ ಇದೇ.

ಈಗ 'ಹೊತ್ತು' ಅನ್ನುವ ಭಾಗಕ್ಕೆ ಬರುತ್ತೇನೆ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ.

ಬಿಲ್ಡ್ ಮಾಡಿಸುವ ಹಳೆಯ ಸಾಧನ ಮೇಕ್. ಅದನ್ನು ಸ್ಟೂವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಬರೆದದ್ದು 1976ರಲ್ಲಿ. ಅದು ನೋಡುವುದು ಫೈಲ್‌ನ ಸಮಯ ಮಾತ್ರ. ನೀವು ಬರೆದ ಸೋರ್ಸ್ ಫೈಲ್ ಹೊಸದೋ, ಅದನ್ನು ಕಂಪೈಲ್ ಮಾಡಿ ಬಂದ ಆಬ್ಜೆಕ್ಟ್ ಫೈಲ್ ಹೊಸದೋ, ಅಷ್ಟೇ. ನೀವು ಇವತ್ತು ಅದರ ಬಿಲ್ಡ್ ಫೈಲ್ ಆದ ಮೇಕ್‌ಫೈಲ್ ತೆರೆದು, ಕಂಪೈಲರ್ ಆಯ್ಕೆಗಳನ್ನು ಬರೆಯುವ ಸಿಫ್ಲ್ಯಾಗ್ಸ್ ಸಾಲಿಗೆ ಡಬ್ಲ್ಯು-ಎಕ್ಸ್‌ಟ್ರಾ ಸೇರಿಸಿ 'ಮೇಕ್' ಅಂತ ಹೊಡೆದರೆ, ಎಲ್ಲ ಸರಿಯಿದೆ, ಮಾಡುವುದಕ್ಕೆ ಏನೂ ಇಲ್ಲ ಅನ್ನುತ್ತದೆ. ಸೋರ್ಸ್ ಬದಲಾಗಿಲ್ಲವಲ್ಲ! ನೀವು, ಅಬ್ಬಾ ನನ್ನ ಕೋಡ್‌ನಲ್ಲಿ ಒಂದೂ ವಾರ್ನಿಂಗ್ ಇಲ್ಲ ಅಂದುಕೊಂಡು ಟೀ ಕುಡಿಯಲು ಹೋಗುತ್ತೀರಿ. ಅಸಲಿಗೆ ಒಂದು ಫೈಲೂ ಕಂಪೈಲ್ ಆಗಿರುವುದಿಲ್ಲ. ಕೈಯಲ್ಲಿ ಬರೆದ ಮೇಕ್‌ಫೈಲ್ ಇದ್ದರೆ, ಎಲ್ಲ ಆಬ್ಜೆಕ್ಟ್‌ಗಳೂ ಆ ಮೇಕ್‌ಫೈಲ್ ಮೇಲೂ ಅವಲಂಬಿಸಿವೆ ಅಂತ ಒಂದು ಸಾಲು ಬರೆದುಬಿಡಿ, ಈ ತಾಪತ್ರಯ ಹೋಗುತ್ತದೆ. ನಿಂಜಾ ಅನ್ನುವ ಇನ್ನೊಂದು ಬಿಲ್ಡ್ ಸಾಧನದಲ್ಲಿ ಈ ತಾಪತ್ರಯ ಇಲ್ಲ. ಅದು ಹಿಂದಿನ ಸಲ ಓಡಿಸಿದ ಕಮಾಂಡನ್ನೇ ನೆನಪಿಟ್ಟುಕೊಂಡಿರುತ್ತದೆ, ಕಮಾಂಡ್‌ನಲ್ಲಿ ಒಂದು ಅಕ್ಷರ ಬದಲಾದರೂ ಮತ್ತೆ ಕಂಪೈಲ್ ಮಾಡುತ್ತದೆ. ಬಿಲ್ಡ್ ಫೈಲ್ ತಯಾರಿಸುವ ಸಾಧನವಾದ ಸಿಮೇಕ್ ತಾನೇ ಬರೆದುಕೊಡುವ ಮೇಕ್‌ಫೈಲ್‌ಗಳಲ್ಲೂ ಆಯ್ಕೆ ಬದಲಾದರೆ ಮತ್ತೆ ಬಿಲ್ಡ್ ಆಗುತ್ತದೆ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ವಾರ್ನಿಂಗ್ ಬರುವುದು ಫೈಲ್ ಕಂಪೈಲ್ ಆದಾಗ, ಒಂದೇ ಸಲ. ಸೋಮವಾರ ಒಂದು ಫೈಲ್ ಬದಲಿಸಿದಿರಿ, ವಾರ್ನಿಂಗ್ ಬಂತು, ಉಳಿದ ಸಾಲುಗಳ ಜೊತೆ ಮೇಲಕ್ಕೆ ಓಡಿಹೋಯಿತು. ಮಂಗಳವಾರ ಬೇರೆ ಫೈಲ್ ಮುಟ್ಟಿದಿರಿ, ಸೋಮವಾರದ ಫೈಲ್ ಮತ್ತೆ ಕಂಪೈಲ್ ಆಗುವುದಿಲ್ಲ, ವಾರ್ನಿಂಗ್ ಇಲ್ಲ. ತಪ್ಪು ಮಾತ್ರ ಇದ್ದಲ್ಲೇ ಇದೆ. ಅದಕ್ಕೇ ದಿನಕ್ಕೊಮ್ಮೆಯಾದರೂ ಎಲ್ಲವನ್ನೂ ಮೊದಲಿನಿಂದ ಕಟ್ಟುವ ಒಂದು ಬಿಲ್ಡ್ ಬೇಕು, ಸರ್ವರ್‌ನಲ್ಲಿ ಆಗಲಿ, ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ನಲ್ಲೇ ಆಗಲಿ. ಸಮಯ ಹಿಡಿಯುತ್ತದೆ ಅನ್ನುವವರು, ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಟ್ಟುಕೊಳ್ಳುವ ಸಿಸಿಕ್ಯಾಶ್ ಹಾಕಿಕೊಳ್ಳಿ. ಅದು ಹಳೆಯ ಆಬ್ಜೆಕ್ಟನ್ನು ಎತ್ತಿ ಕೊಡುವಾಗ ಅವತ್ತು ಬಂದಿದ್ದ ವಾರ್ನಿಂಗನ್ನೂ ಜೊತೆಗೇ ಮತ್ತೆ ಪ್ರಿಂಟ್ ಮಾಡುತ್ತದೆ. ಯಾರೋ ಬುದ್ಧಿವಂತರು ಯೋಚಿಸಿ ಮಾಡಿದ್ದು.

ತಪ್ಪು ಹುಡುಕಲು ಮಾಡುವ ಡಿಬಗ್ ಬಿಲ್ಡ್ ಒಂದನ್ನೇ ನೋಡಿದರೂ ಸಾಲದು. ಬೆಲೆ ಹಾಕದೆ ವೇರಿಯಬಲ್ ಬಳಸಿರಬಹುದು ಅಂತ ಜಿಸಿಸಿ ಹೇಳಬೇಕಾದರೆ ಅದು ಕೋಡಿನ ಹರಿವನ್ನು ಲೆಕ್ಕ ಹಾಕಬೇಕು, ಆ ಲೆಕ್ಕ ಚೆನ್ನಾಗಿ ನಡೆಯುವುದು, ಪ್ರೋಗ್ರಾಮನ್ನು ಚುರುಕು ಮಾಡುವ ಆಪ್ಟಿಮೈಸೇಷನ್ ಹಚ್ಚಿದಾಗ. ಅದಿಲ್ಲದ ಓ-ಸೊನ್ನೆಯಲ್ಲಿ ಬಾರದ ವಾರ್ನಿಂಗ್ ಅದಿರುವ ಓ-ಎರಡರಲ್ಲಿ ಬರುತ್ತದೆ. ಇನ್ನು ಸಿಮೇಕ್‌ನಲ್ಲಿ ಬಿಲ್ಡ್ ಟೈಪ್ ಅಂತ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಅದು ಖಾಲಿ. ಅಂದರೆ ಆಪ್ಟಿಮೈಸೇಷನ್ನೂ ಇಲ್ಲ, ಡಿಬಗ್ ಮಾಹಿತಿಯೂ ಇಲ್ಲ, ಎಡವೂ ಅಲ್ಲ ಬಲವೂ ಅಲ್ಲ. ಬಳಸುವವರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ ಬೇರೆ ಪೀಕಲಾಟ: ಓಡುವಾಗ ಪರೀಕ್ಷಿಸಲು ಬರೆದ ಅಸರ್ಟ್‌ಗಳೆಲ್ಲ ಮಾಯವಾಗುತ್ತವೆ, ಆ ಅಸರ್ಟ್‌ಗೆ ಮಾತ್ರ ಬಳಸಿದ್ದ ವೇರಿಯಬಲ್ ಈಗ ಅನಾಥ, ಅದಕ್ಕೊಂದು ವಾರ್ನಿಂಗ್. ಎರಡೂ ಬಗೆಯ ಬಿಲ್ಡ್ ಓಡಿಸಿ.

ಈಗ 'ಯಾರ ಕಣ್ಣಿಗೆ' ಅನ್ನುವುದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಹೊರಗಿನ ಲೈಬ್ರರಿಯ ಹೆಡರ್ ಒಂದನ್ನು, ಅಂದರೆ ಅದರ ಫಂಕ್ಷನ್‌ಗಳ ವಿವರ ಇರುವ ಫೈಲನ್ನು ಸೇರಿಸಿದ್ದೀರಿ. ಅದರೊಳಗೆ ನೂರಾರು ವಾರ್ನಿಂಗ್. ಆ ಹೆಡರ್ ನಿಮ್ಮದಲ್ಲ, ತಿದ್ದಲು ಆಗುವುದಿಲ್ಲ, ತಿದ್ದಿದರೂ ಮುಂದಿನ ವರ್ಷನ್‌ನಲ್ಲಿ ಹೋಗುತ್ತದೆ. ಆಷಾಢದ ಮಳೆ ಹೆಂಚಿನ ಮೇಲೆ ಬಡಿಯುತ್ತಿರುವಾಗ ಒಳಗೆ ಕೂತವರಿಗೆ ಬಾಗಿಲು ತಟ್ಟಿದ್ದು ಕೇಳುವುದಿಲ್ಲವಲ್ಲ, ಹಾಗೆ ಆ ಗದ್ದಲದಲ್ಲಿ ನಿಮ್ಮ ಸ್ವಂತ ಕೋಡಿನ ಒಂದೇ ಒಂದು ವಾರ್ನಿಂಗ್ ಮುಳುಗಿಹೋಗುತ್ತದೆ. ಪರಿಹಾರ ಸುಲಭ. ಆ ಹೆಡರ್‌ಗಳ ದಾರಿಯನ್ನು ದೊಡ್ಡ ಐ ಬದಲು 'ಐ-ಸಿಸ್ಟಮ್' ಆಯ್ಕೆಯಿಂದ ಕೊಡಿ. ಸಿಮೇಕ್‌ನಲ್ಲಾದರೆ ಇನ್‌ಕ್ಲೂಡ್ ಡೈರೆಕ್ಟರಿ ಹೇಳುವಾಗ 'ಸಿಸ್ಟಮ್' ಅನ್ನುವ ಪದ ಸೇರಿಸಿ. ಇದು ಹೊರಗಿನವರ ಮಾಲು, ಇದರ ಬಗ್ಗೆ ನನಗೆ ಹೇಳಬೇಡ ಅಂತ ಕಂಪೈಲರ್‌ಗೆ ಅರ್ಥವಾಗುತ್ತದೆ.

ಉಲ್ಟಾನೂ ಆಗುತ್ತದೆ. ನೀವೇ ಲೈಬ್ರರಿ ಬರೆದು ಬೇರೆಯವರಿಗೆ ಕೊಡುತ್ತೀರಿ. ಸಿಮೇಕ್‌ನಲ್ಲಿ ಟಾರ್ಗೆಟ್‌ಗೆ, ಅಂದರೆ ಕಟ್ಟಬೇಕಾದ ಲೈಬ್ರರಿಗೋ ಪ್ರೋಗ್ರಾಮ್‌ಗೋ ಕಂಪೈಲ್ ಆಯ್ಕೆ ಹಾಕುವಾಗ ಪ್ರೈವೇಟ್, ಪಬ್ಲಿಕ್ ಅಂತ ಕೇಳುತ್ತದೆ. ಯೋಚಿಸದೆ ಪಬ್ಲಿಕ್ ಅಂದರೆ ನಿಮ್ಮ ವಾರ್ನಿಂಗ್ ಆಯ್ಕೆಗಳೆಲ್ಲ ನಿಮ್ಮ ಲೈಬ್ರರಿ ಬಳಸುವವರ ಕೋಡಿಗೂ ಅಂಟಿಕೊಳ್ಳುತ್ತವೆ. ಅವರು ತಮ್ಮ ಮನೆಯಲ್ಲಿ ಹೇಗೆ ಬರೆಯಬೇಕು ಅಂತ ಹೇಳಲು ನೀವ್ಯಾರು? ವಾರ್ನಿಂಗ್ ಆಯ್ಕೆ ಯಾವಾಗಲೂ ಪ್ರೈವೇಟ್. ಇದಕ್ಕೆ ಅಪವಾದ ನಾನಂತೂ ಕಂಡಿಲ್ಲ.

ಮೇಕ್‌ಫೈಲ್ ತಯಾರಿಸುವ ಹಳೆಯ ಸಾಧನವಾದ ಆಟೊಮೇಕ್ ಕಾಲದವರು ಈ ಗಡಿಯನ್ನು ತುಂಬಾ ಹಿಂದೆಯೇ ಎಳೆದಿದ್ದರು. ಅಲ್ಲಿ ಸಿಫ್ಲ್ಯಾಗ್ಸ್ ಅನ್ನುವುದು ಬಿಲ್ಡ್ ಮಾಡುವವರ ಸ್ವತ್ತು, ಎಎಂ-ಸಿಫ್ಲ್ಯಾಗ್ಸ್ ಬರೆದವರ ಸ್ವತ್ತು. ಕಮಾಂಡ್ ಸಾಲಿನಲ್ಲಿ ಬಿಲ್ಡ್ ಮಾಡುವವರದ್ದೇ ಕೊನೆಗೆ ಬರುತ್ತದೆ, ಯಾಕಂದರೆ ಎರಡು ಆಯ್ಕೆಗಳಿಗೆ ಜಗಳವಾದರೆ ಸಾಮಾನ್ಯವಾಗಿ ಕೊನೆಯದೇ ಗೆಲ್ಲುತ್ತದೆ. ಸಿಮೇಕ್ ಫೈಲ್‌ನಲ್ಲಿ ಗ್ಲೋಬಲ್ ಫ್ಲ್ಯಾಗ್ಸ್ ವೇರಿಯಬಲನ್ನು 'ಸೆಟ್' ಮಾಡಿ ಅಲ್ಲಿದ್ದದ್ದನ್ನು ಅಳಿಸಿ ತಮ್ಮದನ್ನೇ ತುರುಕುವ ಪ್ರಾಜೆಕ್ಟ್‌ಗಳನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನಾನು ಹೊರಗಿಂದ ಕೊಟ್ಟ ಆಯ್ಕೆ ಎಲ್ಲಿ ಹೋಯಿತು ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಡಬ್ಲ್ಯು-ಎರರ್ ಬಗ್ಗೆ ಕೇಳಬೇಕು ಅಂತ ತುಂಬಾ ಜನ ಕಾಯುತ್ತಿದ್ದೀರಿ ಅಂತ ಗೊತ್ತು. ವಾರ್ನಿಂಗ್ ಎಲ್ಲವನ್ನೂ ಎರರ್ ಮಾಡುವ ಆಯ್ಕೆ. ಒಂದು ವಾರ್ನಿಂಗ್ ಬಂದರೂ ಬಿಲ್ಡ್ ನಿಲ್ಲುತ್ತದೆ. ಕೇಳಲು ಶಿಸ್ತಾಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಇದನ್ನು ಲಿನಕ್ಸ್ ಕರ್ನಲ್‌ನ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ಮೂಲ ಭಾಗದ, ಎಲ್ಲ ಬಿಲ್ಡ್‌ಗಳಿಗೂ ಹಚ್ಚಿದರು. ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಕಂಪೈಲರ್ ಬಳಸುವವರ ಬಿಲ್ಡ್‌ಗಳು ಸಾಲುಸಾಲಾಗಿ ಮುರಿದವು. ಕೆಲವೇ ದಿನಗಳಲ್ಲಿ ಅದನ್ನು ಬದಲಿಸಿ, ಬಿಲ್ಡ್ ಆಗುತ್ತದೆಯೇ ಅಂತ ಪರೀಕ್ಷಿಸಲೆಂದೇ ಕಂಪೈಲ್ ಮಾಡುವವರಿಗೆ ಮಾತ್ರ ತಾನಾಗಿ ಹಚ್ಚಿಕೊಳ್ಳುವಂತೆ ಮಾಡಿದರು. ಉಳಿದವರು ಬೇಕಿದ್ದರೆ ಹಚ್ಚಬಹುದು. ಕರ್ನಲ್‌ನಂಥ ಕಡೆಯೇ ಹೀಗಾದರೆ ನಮ್ಮದೇನು.

ಯಾಕೆ ಮುರಿಯುತ್ತದೆ? ಕಂಪೈಲರ್ ನಿಂತಲ್ಲೇ ನಿಲ್ಲುವುದಿಲ್ಲ. 2016ರಲ್ಲಿ ಬಂದ ಜಿಸಿಸಿ 6ರ ಡಬ್ಲ್ಯು-ಆಲ್‌ನೊಳಗೆ ಒಂದು ಹೊಸ ವಾರ್ನಿಂಗ್ ಸೇರಿತು, ಇಂಡೆಂಟೇಷನ್ ನೋಡಿದರೆ ಈ ಸಾಲು ಇಫ್‌ನೊಳಗಿದೆ ಅನಿಸುತ್ತದೆ, ಆದರೆ ಇಲ್ಲ ಅಂತ. ಒಳ್ಳೆಯ ವಾರ್ನಿಂಗೇ. ಆಪಲ್‌ನ ಪ್ರಸಿದ್ಧ 'ಗೋಟು ಫೇಲ್' ನೆನಪಿದೆಯಾ? 2014ರ ಫೆಬ್ರವರಿಯಲ್ಲಿ ಬಯಲಾದದ್ದು. ಕೋಡಿನ ಬೇರೆ ಕಡೆಗೆ ಜಿಗಿಸುವ ಒಂದು ಗೋಟು ಸಾಲು ಎರಡು ಸಲ ಬಿದ್ದಿತ್ತು, ಎರಡನೆಯದು ಇಫ್‌ನ ಹೊರಗಿತ್ತು, ಅದರಿಂದ ಸುರಕ್ಷಿತ ಸಂಪರ್ಕದಲ್ಲಿ ಸಹಿ ಪರೀಕ್ಷಿಸುವ ಹೆಜ್ಜೆಯೇ ತಪ್ಪಿಹೋಗುತ್ತಿತ್ತು. ಅಂಥದ್ದನ್ನು ಹಿಡಿಯುವ ವಾರ್ನಿಂಗ್ ಇದು. ಆದರೆ 2015ರಲ್ಲಿ ಡಬ್ಲ್ಯು-ಎರರ್ ಹಾಕಿ ಬಿಡುಗಡೆ ಮಾಡಿದ ನಿಮ್ಮ ಪ್ರೋಗ್ರಾಮ್, ಒಂದಕ್ಷರವೂ ಬದಲಾಗದೆ, 2016ರಲ್ಲಿ ಬಿಲ್ಡ್ ಆಗದೆ ನಿಲ್ಲುತ್ತದೆ. ಆಗ ಕಂಪ್ಯೂಟರ್ ಮುಂದೆ ಕೂತಿರುವುದು ನೀವಲ್ಲ. ಸಾಗರದಲ್ಲೋ ಸೊರಬದಲ್ಲೋ ನಿಮ್ಮ ಪ್ರೋಗ್ರಾಮ್ ಡೌನ್‌ಲೋಡ್ ಮಾಡಿಕೊಂಡ, ಸಿ ಗೊತ್ತೇ ಇಲ್ಲದ ಯಾರೋ ಒಬ್ಬರು. ವಾರ್ನಿಂಗ್ ಸರಿಯಾಗಿಯೇ ಇದೆ, ಬಿದ್ದದ್ದು ಮಾತ್ರ ತಪ್ಪು ಕಣ್ಣಿಗೆ. ಜೆಂಟೂ ಲಿನಕ್ಸ್‌ನವರು ಪ್ಯಾಕೇಜ್ ಮಾಡುವಾಗ ಈ ಆಯ್ಕೆಯನ್ನು ಕಿತ್ತುಹಾಕುವುದೇ ಇದಕ್ಕೆ.

ಹಾಗಂತ ಅದನ್ನು ಬಿಡಬೇಡಿ. ನಿಮ್ಮ ಪರೀಕ್ಷಾ ಸರ್ವರ್‌ನಲ್ಲಿ, ಒಂದೇ ವರ್ಷನ್‌ಗೆ ಕಟ್ಟಿಹಾಕಿದ ಕಂಪೈಲರ್ ಜೊತೆ, ಡಬ್ಲ್ಯು-ಎರರ್ ಹಚ್ಚಿ. ಅಲ್ಲಿ ಮುರಿದರೆ ನೋಡುವವರು ನೀವೇ, ಸರಿಮಾಡುವವರೂ ನೀವೇ. ಹೊಸ ಕಂಪೈಲರ್‌ಗೆ ಹೋಗುವುದನ್ನು ಒಂದು ಬೇರೆ ಕೆಲಸ ಅಂತ ಇಟ್ಟುಕೊಳ್ಳಿ, ಅವತ್ತು ಹೊಸ ವಾರ್ನಿಂಗ್‌ಗಳನ್ನು ಕೂತು ನೋಡಿ. ಸಿಮೇಕ್ 3.24ರಿಂದ, ಅಂದರೆ 2022ರಿಂದ, ವಾರ್ನಿಂಗ್ ಎರರ್ ಆಗಲಿ ಅನ್ನುವುದಕ್ಕೆ ಅದರದೇ ಒಂದು ವೇರಿಯಬಲ್ ಇದೆ. ಪ್ರಾಜೆಕ್ಟ್‌ನವರು ಹಚ್ಚಿದ್ದರೂ, ಡೌನ್‌ಲೋಡ್ ಮಾಡಿದವರು ಕಮಾಂಡ್ ಸಾಲಿನಲ್ಲಿ ಅದನ್ನು ಬಂದ್ ಮಾಡಬಹುದು. ಕೈಯಾರೆ ಡಬ್ಲ್ಯು-ಎರರ್ ಬರೆಯುವ ಬದಲು ಅದನ್ನು ಬಳಸಿ.

ಬಿಲ್ಡ್‌ಗೆ ಮುಂಚೆ ಕಂಪ್ಯೂಟರ್‌ನಲ್ಲಿ ಏನೇನಿದೆ ಅಂತ ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸುವಾಗ ಮಾತ್ರ ಸಿಫ್ಲ್ಯಾಗ್ಸ್‌ನಲ್ಲಿ ಡಬ್ಲ್ಯು-ಎರರ್ ಇಡಲೇಬೇಡಿ. ಆ ಸ್ಕ್ರಿಪ್ಟ್ ಸಣ್ಣ ಸಣ್ಣ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಈ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಆ ಪುಟ್ಟ ಪ್ರೋಗ್ರಾಮ್‌ನಲ್ಲಿ ಬಳಸದ ವೇರಿಯಬಲ್ ಒಂದಿದ್ದರೂ ಈಗ ಎರರ್, ಇರುವ ಸೌಲಭ್ಯವೂ 'ಇಲ್ಲ' ಆಗಿಬಿಡುತ್ತದೆ. ಸ್ಕ್ರಿಪ್ಟ್ ದೂರು ಹೇಳದೆ ಮುಂದೆ ಹೋಗುತ್ತದೆ. ಹುಡುಕಿ ಸಾಯಬೇಕು.

ಎಲ್ಲವನ್ನೂ ಎರರ್ ಮಾಡುವ ಬದಲು, ಒಂದೊಂದನ್ನೇ ಹೆಸರು ಹೇಳಿ ಎರರ್ ಮಾಡುವುದು ನನಗೆ ಹೆಚ್ಚು ಇಷ್ಟ. ಡೆಬಿಯನ್ ಲಿನಕ್ಸ್‌ನವರು ಪ್ಯಾಕೇಜ್‌ಗಳನ್ನು ಕಟ್ಟುವಾಗ ಪ್ರಿಂಟ್‌ಎಫ್ ಫಾರ್ಮ್ಯಾಟ್‌ಗೆ ಸಂಬಂಧಿಸಿದ ಸುರಕ್ಷತೆಯ ಒಂದು ವಾರ್ನಿಂಗನ್ನು ಹೀಗೆ ಎರರ್ ಮಾಡಿದ್ದಾರೆ. ಹಳೆಯ ದೊಡ್ಡ ಕೋಡ್ ಕೈಗೆ ಬಂದರೆ ಇದೇ ದಾರಿ. ಮೊದಲ ದಿನವೇ ಎಲ್ಲ ಹಚ್ಚಿದರೆ ಸಾವಿರಾರು ಸಾಲು ಬಂದು ಬೀಳುತ್ತವೆ, ಯಾರೂ ಓದುವುದಿಲ್ಲ. ಒಂದು ಬಗೆ ಆರಿಸಿ, ಅದನ್ನು ಪೂರ್ತಿ ಸರಿಮಾಡಿ, ಅದೊಂದನ್ನು ಎರರ್ ಮಾಡಿ, ಮತ್ತೆ ಒಳಗೆ ಬರದ ಹಾಗೆ ಬಾಗಿಲು ಹಾಕಿ, ಮುಂದಿನದಕ್ಕೆ ಹೋಗಿ. ನಾವು ಮೊದಲು ನೋಡಿದ ಬ್ರೇಕ್ ಮರೆತ ವಾರ್ನಿಂಗನ್ನು ಕರ್ನಲ್‌ನವರು ಹೀಗೇ ಒಂದೊಂದು ಜಾಗ ನೋಡುತ್ತಾ ತಿದ್ದಿ, 2019ರ 5.3ರಲ್ಲಿ ಇಡೀ ಕರ್ನಲ್‌ಗೆ ಹಚ್ಚಿದರು.

ಕೆಲವೊಮ್ಮೆ ಕಂಪೈಲರೇ ಬಾಗಿಲು ಹಾಕುತ್ತದೆ, ಆದರೆ ಬಹಳ ತಡವಾಗಿ. ಹೆಡರ್ ಸೇರಿಸದೆ ಫಂಕ್ಷನ್ ಕರೆದರೆ, ಅದು ಇಂಟ್ ಕೊಡುತ್ತದೆ ಅಂತ ಹಳೆಯ ಸಿ ಊಹಿಸಿಕೊಳ್ಳುತ್ತಿತ್ತು. 1999ರ ಸ್ಟ್ಯಾಂಡರ್ಡ್ ಆ ಪದ್ಧತಿಯನ್ನು ತೆಗೆದುಹಾಕಿತು. ಜಿಸಿಸಿ ಮಾತ್ರ ಹಳೆಯ ಕೋಡ್ ಮುರಿಯಬಾರದು ಅಂತ ವಾರ್ನಿಂಗ್ ಕೊಟ್ಟು ಬಿಡುತ್ತಿತ್ತು. 64 ಬಿಟ್ ಕಂಪ್ಯೂಟರ್‌ನಲ್ಲಿ ಆ ಫಂಕ್ಷನ್ ಮೆಮೊರಿಯ ವಿಳಾಸವನ್ನು, ಅಂದರೆ ಪಾಯಿಂಟರನ್ನು ಕೊಟ್ಟರೆ, ಇಂಟ್ ಅಂತ ತಿಳಿದು ಅದರ ಅರ್ಧ ಕತ್ತರಿಸಿಹೋಗುತ್ತದೆ, ಪ್ರೋಗ್ರಾಮ್ ಯಾವಾಗಲೋ ಎಲ್ಲೋ ಬೀಳುತ್ತದೆ. ಅದು ತಾನಾಗಿ ಎರರ್ ಆದದ್ದು ಜಿಸಿಸಿ 14ರಲ್ಲಿ, 2024ಕ್ಕೆ. ಇಪ್ಪತ್ತೈದು ವರ್ಷ ವಾರ್ನಿಂಗ್ ಆಗಿ ಕಾದು ಕೂತಿತ್ತು ಪಾಪ.

ಇನ್ನು ಬಾಯಿ ಮುಚ್ಚಿಸುವ ವಿಷಯ. ಇದು ವಾರ್ನಿಂಗ್ ಹಚ್ಚುವುದಕ್ಕಿಂತ ಸೂಕ್ಷ್ಮ.

2006ರಲ್ಲಿ ಡೆಬಿಯನ್‌ನಲ್ಲಿ ಗೂಢಲಿಪಿಯ ಕೀಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ ಒಂದು ಬದಲಾವಣೆ ಆಯಿತು. ಬೆಲೆ ಹಾಕದ ಮೆಮೊರಿಯನ್ನು ಓದುತ್ತಿದ್ದೀರಿ ಅಂತ ವಾಲ್‌ಗ್ರೈಂಡ್ ಥರದ ಸಾಧನಗಳು ದೂರುತ್ತಿದ್ದವು. ಇವು ಕಂಪೈಲರ್ ಅಲ್ಲ, ಪ್ರೋಗ್ರಾಮ್ ಓಡುವಾಗ ನೋಡುವಂಥವು, ಆದರೆ ವಿಷಯ ಒಂದೇ. ದೂರು ನಿಲ್ಲಲಿ ಅಂತ ಎರಡು ಸಾಲು ತೆಗೆದರು. ಅದರಲ್ಲಿ ಒಂದು ಸಾಲು, ಕೀ ತಯಾರಿಸಲು ಬೇಕಾದ ಯಾದೃಚ್ಛಿಕತೆಯನ್ನು ಒಳಗೆ ಸುರಿಯುವ ಸಾಲೇ ಆಗಿತ್ತು. ಅದು ಹೋದ ಮೇಲೆ ಉಳಿದದ್ದು ಪ್ರೊಸೆಸ್ ನಂಬರ್ ಒಂದೇ. ಅಂದರೆ ಒಂದು ಬಗೆಯ ಕಂಪ್ಯೂಟರ್‌ನಲ್ಲಿ, ಒಂದು ಉದ್ದದ ಕೀಗೆ, ಸುಮಾರು 32,768 ಸಾಧ್ಯತೆ ಮಾತ್ರ. ಒಬ್ಬ ಹುಡುಗ ಲ್ಯಾಪ್‌ಟಾಪ್‌ನಲ್ಲಿ ಕೂತು ಎಲ್ಲವನ್ನೂ ತಯಾರಿಸಿ ಇಟ್ಟುಕೊಳ್ಳಬಹುದು. ಇದು ಬಯಲಾದದ್ದು 2008ರ ಮೇನಲ್ಲಿ. ಡೆಬಿಯನ್, ಉಬುಂಟು ಎರಡರಲ್ಲೂ ಆ ಅವಧಿಯಲ್ಲಿ ಮಾಡಿದ ಕೀಗಳನ್ನು ಎಸೆದು ಹೊಸದಾಗಿ ಮಾಡಬೇಕಾಯಿತು. ಬಾಯಿ ಮುಚ್ಚಿಸುವ ಆತುರದಲ್ಲಿ ಕೋಡಿನ ಕೆಲಸವೇ ಬದಲಾಗಿತ್ತು.

ಎಸ್‌ಕ್ಯುಲೈಟ್ ಅನ್ನುವ ಡೇಟಾಬೇಸ್ ಬರೆಯುವ ತಂಡ ಈ ಬಗ್ಗೆ ಖಾರವಾಗಿಯೇ ಬರೆದುಕೊಂಡಿದೆ: ಕೋಡನ್ನು ಓಡಿಸದೆ ಮಾಡುವ ವಿಶ್ಲೇಷಣೆಯಿಂದ ಸಿಕ್ಕ ತಪ್ಪುಗಳಿಗಿಂತ, ವಾರ್ನಿಂಗ್ ಬಾರದ ಹಾಗೆ ಮಾಡಲು ಹೋಗಿ ಹೊಸದಾಗಿ ಹುಟ್ಟಿದ ತಪ್ಪುಗಳೇ ಜಾಸ್ತಿ ಅಂತ. ಅವರ ಟೆಸ್ಟ್‌ಗಳು ಅಷ್ಟು ಗಟ್ಟಿ, ಅವರು ಹಾಗೆ ಹೇಳಬಹುದು. ನಮ್ಮ ನಿಮ್ಮ ಪ್ರಾಜೆಕ್ಟ್‌ಗೆ ಅಷ್ಟು ಟೆಸ್ಟ್ ಎಲ್ಲಿದೆ? ಆದರೆ ಅವರ ಮಾತಿನಲ್ಲಿ ಹುರುಳಿದೆ.

ಬಾಯಿ ಮುಚ್ಚಿಸಲೇಬೇಕಾದರೆ ಆದಷ್ಟು ಸಣ್ಣ ಜಾಗದಲ್ಲಿ ಮುಚ್ಚಿಸಿ. ಬೇಕಂತಲೇ ಕೆಳಗಿನ ಕೇಸ್‌ಗೆ ಇಳಿಯುತ್ತಿದ್ದರೆ, ಅದನ್ನು ಹೇಳುವ ಗುರುತು ಸಿ++17ರಿಂದ ಭಾಷೆಯಲ್ಲೇ ಇದೆ, ಅದನ್ನು ಆ ಸಾಲಿನಲ್ಲೇ ಹಾಕಿ. ಕೋಡಿನೊಳಗಿಂದಲೇ ಕಂಪೈಲರ್‌ಗೆ ಸೂಚನೆ ಕೊಡುವ ಪ್ರಾಗ್ಮಾ ಬಳಸಿದರೆ ಆ ನಾಲ್ಕು ಸಾಲಿನ ಮೇಲೆ 'ಪುಶ್', ಕೆಳಗೆ 'ಪಾಪ್', ಪಕ್ಕದಲ್ಲಿ ಯಾಕೆ ಅಂತ ಒಂದು ಕಾಮೆಂಟ್. ಕಾಮೆಂಟ್ ಬರೆಯಲು ಕಾರಣ ಹೊಳೆಯದಿದ್ದರೆ ಬಹುಶಃ ಆ ವಾರ್ನಿಂಗೇ ಸರಿ. ಇದನ್ನು ಈ ಬಗೆಯದ್ದು ಅಂತಲೇ ತಿಳಿ ಎಂದು ಒತ್ತಾಯಿಸುವ ಕ್ಯಾಸ್ಟನ್ನು ಕಣ್ಮುಚ್ಚಿ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಮಳೆಮಾಪಕದ ಎಣಿಕೆಗೆ ಬೈಟ್ ಅಂತ ಕ್ಯಾಸ್ಟ್ ಹಾಕಿದರೆ ಕಂಪೈಲರ್ ತೆಪ್ಪಗಾಗುತ್ತದೆ, ಆಗುಂಬೆಯ ಮಳೆ ತೆಪ್ಪಗಾಗುವುದಿಲ್ಲ.

ಒಂದು ವಾರ್ನಿಂಗನ್ನು ಹೆಸರು ಹೇಳಿ ಬಂದ್ ಮಾಡುವ 'ಡಬ್ಲ್ಯು-ನೋ' ಆಯ್ಕೆಯನ್ನು ಇಡೀ ಪ್ರಾಜೆಕ್ಟ್‌ಗೆ ಹಾಕುವವರಿಗೆ ಒಂದು ಕಿವಿಮಾತು. ಜಿಸಿಸಿಗೆ ಗೊತ್ತಿಲ್ಲದ ಡಬ್ಲ್ಯು-ನೋ ಆಯ್ಕೆ ಕೊಟ್ಟರೆ ಅದು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಬೇರೆ ಏನಾದರೂ ವಾರ್ನಿಂಗೋ ಎರರೋ ಬಂದಾಗ ಮಾತ್ರ, ಅಂದಹಾಗೆ ಇದು ಯಾವ ಆಯ್ಕೆ, ನನಗೆ ಗೊತ್ತಿಲ್ಲ ಅನ್ನುತ್ತದೆ. ಸ್ಪೆಲಿಂಗ್ ತಪ್ಪಿದ ಡಬ್ಲ್ಯು-ನೋಗಳು ಬಿಲ್ಡ್ ಫೈಲ್‌ಗಳಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಒಮ್ಮೆ ತೆಗೆದು ನೋಡಿ, ಎಷ್ಟೋ ಬೇಕಾಗೇ ಇರುವುದಿಲ್ಲ.

ಪ್ರಶ್ನೆಗಳಿಗೆ ಬರುತ್ತೇನೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಸರ್, ನಮ್ಮ ಲ್ಯಾಬಲ್ಲಿ ಔಟ್‌ಪುಟ್ ಬಂದರೆ ಮಾರ್ಕ್ಸ್, ವಾರ್ನಿಂಗ್ ಯಾರೂ ನೋಡಲ್ಲ ಅಂದಳು. ಎಲ್ಲರೂ ನಕ್ಕರು. ಲ್ಯಾಬಿನಲ್ಲಿ ಅದು ಹಾಗೇ ಇರಲಿ ಅಂದೆ. ಆದರೆ ಮೇಕ್‌ಫೈಲ್‌ನಲ್ಲಿ ಡಬ್ಲ್ಯು-ಆಲ್, ಡಬ್ಲ್ಯು-ಎಕ್ಸ್‌ಟ್ರಾ ಎರಡನ್ನೂ ಬರೆದಿಡಿ, ಮಾರ್ಕ್ಸ್ ಏನೂ ಕಡಿಮೆಯಾಗಲ್ಲ, ಪ್ರೋಗ್ರಾಮ್ ಯಾಕೆ ಓಡುತ್ತಿಲ್ಲ ಅಂತ ಒದ್ದಾಡುವ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಇನ್ನೊಬ್ಬರು ರಸ್ಟ್ ಭಾಷೆಯ ಬಗ್ಗೆ ಕೇಳಿದರು. ಅಲ್ಲಿನ ಬಿಲ್ಡ್ ಸಾಧನ ಕಾರ್ಗೋ ನಾನು ಹೇಳಿದ್ದನ್ನೇ ತಾನಾಗಿ ಮಾಡುತ್ತದೆ, ಹೊರಗಿಂದ ತಂದ ಪ್ಯಾಕೇಜ್‌ಗಳ ವಾರ್ನಿಂಗ್ ನಿಮಗೆ ತೋರಿಸುವುದಿಲ್ಲ, ನಿಮ್ಮ ಕೋಡಿನದ್ದು ತೋರಿಸುತ್ತದೆ. ಗೋ ಭಾಷೆಯ ಕಂಪೈಲರ್‌ನಲ್ಲಿ ವಾರ್ನಿಂಗ್ ಅನ್ನುವುದೇ ಇಲ್ಲ. ಬಳಸದ ಇಂಪೋರ್ಟ್ ಇದ್ದರೆ ನೇರ ಎರರ್, ಉಳಿದ ಅನುಮಾನಗಳೆಲ್ಲ 'ವೆಟ್' ಅನ್ನುವ ಬೇರೆ ಸಾಧನಕ್ಕೆ. ಖಡಾಖಂಡಿತ.

ಕೊನೆಗೆ ಪೈಥಾನ್‌ನಲ್ಲಿ ಕಂಪೈಲರ್ ಎಲ್ಲಿದೆ ಅಂತ ಒಬ್ಬ ಕೇಳಿದ. ಅಲ್ಲೂ ವಾರ್ನಿಂಗ್ ಇದೆ. ಈ ಫಂಕ್ಷನ್ ಮುಂದೆ ಹೋಗುತ್ತದೆ, ಬಳಸಬೇಡಿ ಅನ್ನುವ ಡೆಪ್ರಿಕೇಷನ್ ವಾರ್ನಿಂಗ್ ಹಿಂದೆ ಎಲ್ಲರಿಗೂ ಕಾಣುತ್ತಿತ್ತು. ಪ್ರೋಗ್ರಾಮ್ ಬರೀ ಬಳಸುವವರಿಗೂ ಕಂಡು ಗೊಂದಲ ಆಗುತ್ತದೆ ಅಂತ 2.7 ಮತ್ತು 3.2ರಲ್ಲಿ ಅದನ್ನು ಮರೆಮಾಡಿದರು. ಆಗ ಬರೆಯುವವರಿಗೂ ಕಾಣದಾಯಿತು. 2018ರ 3.7ರಲ್ಲಿ ನಡುವಿನ ದಾರಿ ಹಿಡಿದರು: ನೀವು ನೇರವಾಗಿ ಓಡಿಸುವ ಫೈಲ್‌ನೊಳಗಿಂದ ಬಂದರೆ ತೋರಿಸು, ಇಂಪೋರ್ಟ್ ಮಾಡಿದ ಮಾಡ್ಯೂಲ್‌ನದ್ದಾದರೆ ಬೇಡ. ಮಾಡ್ಯೂಲ್ ಬರೆಯುವವರು ನೀವೇ ಆಗಿದ್ದರೆ ಪೈಟೆಸ್ಟ್ ಅನ್ನುವ ಟೆಸ್ಟ್ ಸಾಧನ ಬಳಸಿ, ಅದು ಟೆಸ್ಟ್ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಪ್ರಿಂಟ್ ಮಾಡುತ್ತದೆ. ಎರರ್ ಆಗಿಯೇ ಬೇಕು ಅಂದರೆ ಪೈಥಾನ್‌ಗೂ ದೊಡ್ಡ ಡಬ್ಲ್ಯು ಆಯ್ಕೆ ಇದೆ, ಅದರ ಮುಂದೆ 'ಎರರ್' ಅಂತ ಬರೆದರೆ ಆಯಿತು.